ಕೆಂಪು ಹೋದ ಮೇಲೆ

ಬೂಟಿನೊಳಗೆ ಸಿಂಪಿಯ ಚಿಪ್ಪಿನ ಚೂರೊಂದು ಹೊಕ್ಕದ್ದು ಚಿಂಗ್‌ಶುಯಿಗೆ ಗೊತ್ತೇ ಆಗಲಿಲ್ಲ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಅವನ ಪಾದದ ಅರಿವನ್ನೇ ತಿಂದುಹಾಕಿತ್ತು. ತುಂಗ್‌ಶಿಯ ಕಡಲಲ್ಲಿ ಇಡೀ ಬೆಳಿಗ್ಗೆ ಸಿಂಪಿ ಬೆಳೆಸುವ ಹಗ್ಗ ಎಳೆದು, ಮನೆಗೆ ಬಂದು ಬೂಟು ಕಳಚಿದಾಗ ಹೆಂಡತಿ ಬಿಯುನ್ ಎಡಗಾಲಿನ ಕಾಲುಚೀಲ ನೋಡಿದಳು. ರಕ್ತದಲ್ಲಿ ನೆಂದು ಹೋಗಿತ್ತು.

"ಇಷ್ಟು ಕೊಯ್ದಿದೆ, ಗೊತ್ತಾಗಲಿಲ್ವಾ ಮುದುಕಾ?"

"ಗೊತ್ತಾಗಿದ್ರೆ ಕೂಗ್ತಿರಲಿಲ್ವಾ?"

ಅವತ್ತಿನಿಂದ ದಿನಕ್ಕೆರಡು ಸಲ ಅವಳೇ ಗಾಯ ತೊಳೆದು, ಔಷಧಿ ಹಚ್ಚಿ, ಪಟ್ಟಿ ಕಟ್ಟಿದಳು. ಹದಿನೆಂಟು ದಿನವಾದರೂ ಮಾಯಲಿಲ್ಲ. ನೋಡಲು ಮಾತ್ರ ಗಾಯ ಚೊಕ್ಕಟವಾಗಿತ್ತು, ಕೀವಿಲ್ಲ, ವಾಸನೆಯಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಗಾಯಗಳನ್ನೇ ನೋಡುವ ನರ್ಸ್ ಯಾಲಿಂಗ್ ಅದನ್ನು ಪರೀಕ್ಷಿಸಿ, ಕಿಟಕಿಯ ಪರದೆ ಎಳೆದಳು.

"ಚಿಕ್ಕಮ್ಮ, ದೀಪ ಆರಿಸ್ತೀನಿ. ಗಾಬರಿ ಆಗಬೇಡಿ."

ಅಂಗೈಯಗಲದ ಯಂತ್ರದಿಂದ ನೇರಳೆ ಬೆಳಕು ಪಾದದ ಮೇಲೆ ಬಿತ್ತು. ಯಂತ್ರದ ಪುಟ್ಟ ತೆರೆಯಲ್ಲಿ ಚರ್ಮವೆಲ್ಲ ಮಂದ ಹಸಿರಾಗಿ ಕಂಡಿತು. ಗಾಯದ ಅಂಚಿನಲ್ಲಿ ಮಾತ್ರ ಕೆಂಡ ಚೆಲ್ಲಿದಂತೆ ಕೆಂಪು.

"ಹಸಿರು ಅಂದ್ರೆ ಇವರ ಚರ್ಮ, ಮಾಂಸ. ಕೆಂಪಗೆ ಹೊಳೀತಿರೋದು ಕ್ರಿಮಿ. ಬರಿಗಣ್ಣಿಗೆ ಕಾಣಲ್ಲ."

ಚಿಂಗ್‌ಶುಯಿ ಕತ್ತು ನಿಮಿರಿಸಿ ನೋಡಿದ. "ಚೆನ್ನಾಗಿದೆಯಲ್ಲ. ನನ್ನ ಕಾಲಿಗೆ ಲಾಂದ್ರ ಹಚ್ಚೋ ಹಬ್ಬ ಬಂದಿದೆ."

ಬಿಯುನ್‌ಗೆ ನಗು ಬರಲಿಲ್ಲ. ಅಷ್ಟು ದಿನ ಅವಳು ತೊಳೆದದ್ದು ಅದೇ ಜಾಗ. ಮನೆಗೆ ಬಂದವಳು, ಕೈ ಕೊಳೆಯಾಗುತ್ತದೆಂದು, ಚಿಪ್ಪಿನಿಂದ ಸಿಂಪಿ ಬಿಡಿಸುವ ಕೆಲಸವನ್ನೇ ನಿಲ್ಲಿಸಿಬಿಟ್ಟಳು. ಪಟ್ಟಿ ಬಿಚ್ಚುವ ಮೊದಲು ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಮರುವಾರವೂ ಕೆಂಪು ಹಾಗೇ ಇತ್ತು. ಗಂಡ ಚಪ್ಪಲಿ ಹುಡುಕುತ್ತಿದ್ದಾಗ ಅವಳು ಯಾಲಿಂಗ್ ಹತ್ತಿರ ಹೋಗಿ ಎರಡೂ ಕೈ ಚಾಚಿದಳು.

"ಇದಕ್ಕೂ ಬಿಡಮ್ಮ ಆ ಬೆಳಕು."

"ಬೇಡ ಚಿಕ್ಕಮ್ಮ."

"ನನ್ನ ಕೈಯಿಂದಲೇ ಅಂಟಿತೋ ಏನೋ. ನೋಡಿಬಿಡೋಣ."

ಯಾಲಿಂಗ್ ಬೆಳಕು ಬಿಟ್ಟಳು. ಬಿಯುನ್‌ಳ ಉಗುರ ಸಂದಿಗಳಲ್ಲಿ ನಾಲ್ಕಾರು ಕೆಂಪು ಚುಕ್ಕೆ ಹೊಳೆದವು. ಯಾಲಿಂಗ್ ತಕ್ಷಣ ತನ್ನ ಕೈಗವಸು ಕಳಚಿ ತನ್ನ ಬೆರಳಿಗೂ ಹಿಡಿದು ತೋರಿಸಿದಳು. ಅಲ್ಲೂ ಎರಡು ಚುಕ್ಕೆ.

"ನೋಡಿ, ನನಗೂ ಇದೆ. ಎಲ್ಲರಿಗೂ ಇರುತ್ತೆ. ನಿಮ್ಮದೇನೂ ತಪ್ಪಿಲ್ಲ."

ಬಿಯುನ್ ತಲೆಯಾಡಿಸಿದಳು. ನಂಬಿಕೆ ಮಾತ್ರ ಬರಲಿಲ್ಲ. ಬಸ್ಸಿನಲ್ಲಿ ಊರು ತಲುಪುವವರೆಗೂ ಕೈಗಳನ್ನು ಜಾಕೆಟ್ಟಿನೊಳಗೆ ಮುಚ್ಚಿಕೊಂಡೇ ಕೂತಿದ್ದಳು.

ಆಮೇಲೆ ಪ್ರತಿ ಬುಧವಾರ ಯಾಲಿಂಗ್ ಕೆಂಪು ಕಂಡ ಕಡೆಯೆಲ್ಲ ಹೆರೆದು ತೆಗೆದಳು. ಏಳನೆಯ ವಾರ ಯಂತ್ರದ ತೆರೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಬಿಯುನ್ ಕತ್ತಲಲ್ಲೇ ಗಂಡನ ಭುಜ ಹಿಡಿದಳು. "ಹೋಯ್ತು ಕಣೋ. ಪೂರ್ತಿ ಹೋಯ್ತು." ಅವನು ಇವತ್ತು ಮೀನಿನ ಗಂಜಿ ತಿಂದೇ ಹೋಗಬೇಕು ಅಂದ.

ದೀಪ ಹಾಕಿದ ಯಾಲಿಂಗ್ ಮಾತ್ರ ನಗಲಿಲ್ಲ. ಗಾಯ ಅಳೆದಳು. ಮೂರು ವಾರದಿಂದ ಅದೇ ಅಳತೆ. ಕಾಲಿನ ಹೆಬ್ಬೆರಳು ಮುಟ್ಟಿ ನೋಡಿದಳು, ತಣ್ಣಗಿತ್ತು. ಹೊರಗೆ ಹೋಗಿ ಡಾಕ್ಟರನ್ನು ಕರೆತಂದಳು.

ಮೊಣಕಾಲಿನ ಕೆಳಗೆ ರಕ್ತನಾಳ ಕಟ್ಟಿಕೊಂಡಿತ್ತು. ತೆಳ್ಳನೆಯ ತಂತಿ ತೂರಿಸಿ ಎರಡು ಸಲ ಬಿಡಿಸಲು ನೋಡಿದರು; ಆಗಲಿಲ್ಲ. ಅಷ್ಟರಲ್ಲಿ ಕಾಲ್ಬೆರಳುಗಳು ಕಪ್ಪಾದವು. ಆ ಕಪ್ಪು ನೋಡಲು ಯಾವ ಯಂತ್ರವೂ ಬೇಕಿರಲಿಲ್ಲ.

"ಕೆಂಪೆಲ್ಲ ಹೋಗಿತ್ತಲ್ಲಮ್ಮ?" ಬಿಯುನ್ ಆಸ್ಪತ್ರೆಯ ಕಾರಿಡಾರಿನಲ್ಲಿ ಯಾಲಿಂಗ್‌ಳ ತೋಳು ಹಿಡಿದು ಕೇಳಿದಳು.

"ಹೋಗಿತ್ತು ಚಿಕ್ಕಮ್ಮ. ಕ್ರಿಮಿ ಎಲ್ಲಿದೆ ಅಂತ ಬೆಳಕು ತೋರಿಸಿತು, ತೆಗೆದ್ವಿ. ರಕ್ತವೇ ಬರದಿದ್ರೆ ಮಾಂಸ ಹೇಗೆ ಬೆಳೀಬೇಕು?" ಅವಳ ಕಣ್ಣೂ ತುಂಬಿತ್ತು.

ಕಾಲು ಕತ್ತರಿಸುವ ಕಾಗದಕ್ಕೆ ಚಿಂಗ್‌ಶುಯಿ ತಾನೇ ರುಜು ಹಾಕಿದ. ಬೆಳಿಗ್ಗೆ ಒಳಗೆ ಕರೆದೊಯ್ಯುವ ಮುಂಚೆ ಹೆಂಡತಿಯ ಕಡೆ ತಿರುಗಿದ.

"ನೀನು ಚೆನ್ನಾಗೇ ತೊಳೆದೆ."

"ತೊಳೆದು ಏನಾಯ್ತು?"

ಅವನು ಅವಳ ಕೈ ಹಿಡಿದು, ಗಾಲಿ ಮಂಚ ಬಾಗಿಲು ದಾಟುವವರೆಗೂ ಬಿಡಲಿಲ್ಲ.

ಮೊಣಕಾಲಿನ ಕೆಳಗೆ ಹಾಕಿದ ಹೊಲಿಗೆ ಆರು ವಾರದಲ್ಲಿ ಕೂಡಿಕೊಂಡಿತು. ಈಗ ಅವನು ಅಂಗಳದ ಸ್ಟೂಲಿನ ಮೇಲೆ ಕೂತು ಸಿಂಪಿ ಬಿಡಿಸುತ್ತಾನೆ, ಬಂದವರನ್ನೆಲ್ಲ ಕಿಚಾಯಿಸುತ್ತಾನೆ. ಸಂಜೆ ಕೆಲಸ ಮುಗಿದ ಮೇಲೆ ಬಿಯುನ್ ಅವನ ಉಳಿದ ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಅಡುಗೆಮನೆಯ ಬಲ್ಬಿನ ಕೆಳಗೆ ಒಂದೊಂದೇ ಬೆರಳು ಅಗಲಿಸಿ ನೋಡುತ್ತಾಳೆ.

"ಏನಾದ್ರೂ ಇದೆಯಾ?" ಅವನು ಕೇಳುತ್ತಾನೆ.

"ಏನೂ ಕಾಣ್ತಿಲ್ಲ," ಅನ್ನುತ್ತಾಳೆ. ಅಷ್ಟು ಹೇಳಿಯೂ ಕಾಲು ಬಿಡುವುದಿಲ್ಲ, ಇನ್ನೊಮ್ಮೆ ಮೊದಲಿಂದ ನೋಡತೊಡಗುತ್ತಾಳೆ.