ಕಡೇ ನುಡಿ

ಯೆರವಡಾದಲ್ಲಿ ಏಳುವ ಕಟ್ಟಡಗಳಿಗೆಲ್ಲ ಬುಟ್ಟಿ ಹೊತ್ತು ಕಲ್ಲವ್ವ ಸವೆದಿದ್ದಳು. ಕೈಯ ಹಸಿರು ಬಳೆ ಮಾತ್ರ ಒಂದೂ ಕಡಿಮೆಯಾಗಿರಲಿಲ್ಲ. ಕೆಲಸದಲ್ಲಿ ಒಡೆದರೆ ವಾರದೊಳಗೆ ಬಳೆಗಾರ ಕಾಂತಪ್ಪನಿಂದ ಹೊಸದು ಇಡಿಸಿಕೊಳ್ಳುವಳು. ದೌಂಡದ ಹತ್ತಿರ ಮರಳಿನ ದೋಣಿ ಮಗುಚಿ ಗಂಡ ಮುರುಗೆಪ್ಪ ಭೀಮಾ ಹೊಳೆಯ ಪಾಲಾಗಿ ಒಂಬತ್ತು ವರ್ಷವಾಗಿತ್ತು. ಹೆಣ ಸಿಕ್ಕಿರಲಿಲ್ಲ.

ಅವಳ ಊರಿನ ಕಟ್ಟಳೆಯೇ ಹಾಗೆ. ಹೊಳೆ ಎಳೆದೊಯ್ದವನನ್ನು ಹೆಂಗಸರು ಹಾಡಿ ಕರೆಯುತ್ತಾರೆ. ಹೆಣ ಸಿಗದಿದ್ದರೆ, ಹೆಂಡತಿಯೋ ಒಡಹುಟ್ಟಿದವಳೋ ಆ ಹಾಡಿನ ಕಡೇ ನುಡಿ ಹಾಡಿ ಅವನನ್ನು ಕಳಿಸಿಕೊಡುವ ತನಕ ಅವನು ಸತ್ತವನಲ್ಲ, ಹೆಂಡತಿ ಬಳೆ ಒಡೆಯುವಂತಿಲ್ಲ. ಕಲ್ಲವ್ವ ಕಡೇ ನುಡಿ ಹಾಡಿರಲಿಲ್ಲ. ಜೀವ ಹೋದರೂ ಹಾಡುವವಳಲ್ಲ.

ಭೀಮಾ ದಂಡೆಯ ಹಾಡುಗಳ ಕ್ಯಾಸೆಟ್ ಮಾಡಲು ಹೊರಟ ಏಕನಾಥ ಅವಳನ್ನು ಹುಡುಕಿಕೊಂಡು ಬಂದಾಗ ಅವಳು ಮರುಮಾತಿಲ್ಲದೆ ಒಪ್ಪಿದಳು. ದೌಂಡದಿಂದ ಸೊಲ್ಲಾಪುರದ ತನಕ ಚಹಾದಂಗಡಿಗಳಲ್ಲಿ ಹಚ್ಚುತ್ತಾರಂತೆ! ಎಲ್ಲೋ ಬದುಕಿದ್ದರೆ ತನ್ನ ದನಿ ಕೇಳಿ ಬಂದಾನು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ; ದಂಡೆಯಲ್ಲಿ ನಿಂತವಳಿಗೂ ಅಷ್ಟೆ.

ಸ್ಟುಡಿಯೋದಲ್ಲಿ ಅವಳು ಕರೆದ ಪರಿಗೆ ಏಕನಾಥನ ಕಣ್ಣೂ ತೇವವಾಯಿತು. ಕಡೇ ನುಡಿಗೆ ಮುಂಚೆ ನಿಲ್ಲಿಸಿ, ಹಾಡು ಇಷ್ಟೇ ಎಂದು ಹಸಿ ಸುಳ್ಳು ಹೇಳಿ ನೀರು ಕುಡಿಯಲು ಹೊರಗೆ ಹೋದಳು. ಹಿಂದೆ ದನಿಗೂಡಿಸಿದ್ದ ಯಮನವ್ವ, ಮುರುಗೆಪ್ಪನ ಅಕ್ಕ, ಒಳಗೇ ಉಳಿದಳು.

ಎರಡು ತಿಂಗಳಿಗೆ ಕ್ಯಾಸೆಟ್ ಬಂತು. ಕೂಲಿಯವರ ವಸ್ತಿಯ ಹೆಂಗಸರೆಲ್ಲ ಟೇಪಿನ ಸುತ್ತ ಕೂತರು. ಕಲ್ಲವ್ವನ ದನಿ ಕರೆಯಿತು, ಬೇಡಿತು, ನಿಂತಿತು. ಆಮೇಲೆ ಒಂದು ಒಡಕು ದನಿ ನಿಧಾನವಾಗಿ ಕಡೇ ನುಡಿ ಹಾಡಿತು.

"ಯಕ್ಕಾ, ಏನ್ ಮಾಡ್ದಿ ನೀ?"

"ನಿನಗ ಗಂಡ ಆದ್ರ ನನಗ ತಮ್ಮ," ಎಂದಳು ಯಮನವ್ವ. "ಎತ್ತಿ ಆಡಿಸಿದ ಕೂಸು. ಒಂಬತ್ತು ವರ್ಷ ಅವನ ಹೆಸರಿಗಿ ಒಂದು ಹನಿ ಅಳ್ಳಾಕ ಬಿಡ್ಲಿಲ್ಲ ನೀ. ಆ ಸಾಹೇಬ ಮುಂದಿಂದು ಅದ ಏನು ಅಂತ ಕೇಳ್ದ. ಹಾಡ್ದೆ."

ಕಲ್ಲವ್ವನಿಗೆ ಅವಳ ಮೇಲೆ ಸಿಟ್ಟು ಮಾಡುವುದಕ್ಕೂ ತ್ರಾಣವಿರಲಿಲ್ಲ. ಅಂಗಡಿ ಅಂಗಡಿಯಲ್ಲಿ ಆ ಕ್ಯಾಸೆಟ್ ಮುರುಗೆಪ್ಪನನ್ನು ಕರೆಯುತ್ತಿತ್ತು, ಕರೆದು ಕಳಿಸಿಕೊಡುತ್ತಿತ್ತು. ಅವಳು ಬಳೆ ಒಡೆಯಲಿಲ್ಲ. ಹೆಂಗಸರು ಹೇಳಿ ಹೇಳಿ ಸೋತರು.

ಮರುವಾರ ಕಾಂತಪ್ಪ ಬಳೆ ಮಲಾರ ಹೊತ್ತು ಬಂದ. ಬುಟ್ಟಿ ಎತ್ತುವಾಗ ಅವಳ ಎರಡು ಬಳೆ ಒಡೆದಿದ್ದವು. ಬಾಗಿಲಲ್ಲಿ ಕೈ ಚಾಚಿ ನಿಂತಳು. ಅವನು ತಲೆ ತಗ್ಗಿಸಿ ಮುಂದಿನ ಮನೆಗೆ ಹೋದ.