ಅಳತೆಯ ಮನುಷ್ಯ

ಅಂತಿಮ ದರ್ಶನದ ಸಭಾಂಗಣದಲ್ಲಿ, ಬಾಗಿಲ ಬಳಿಯ ಮೇಜಿನ ಮೇಲೆ ಜೋಡಿಸಿಟ್ಟ ನೆನಪಿನ ಕಾರ್ಡುಗಳನ್ನು ಉಮಾಶ್ರೀ ಎರಡೂ ಕೈಯಿಂದ ಬಾಚಿ ತನ್ನ ಬ್ಯಾಗಿಗೆ ತುಂಬುತ್ತಿದ್ದಳು. ಆಗಲೇ ಇಪ್ಪತ್ತು ಮಂದಿ ಒಂದೊಂದು ತೆಗೆದುಕೊಂಡು ಒಳಗೆ ಹೋಗಿ ಕೂತಿದ್ದರು. ಅವರ ಕೈಯಿಂದಲೂ ಕಿತ್ತುಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಕಾರ್ಡಿನ ಮೇಲೆ ಅಪ್ಪ ಬಸವಂತಪ್ಪನ ಫೋಟೊ. ಅದರ ಹಿಂದೆ ಚೂಪು ಗೋಪುರ, ಚೂಪು ಕಮಾನುಗಳ ಒಂದು ಗಾಥಿಕ್ ಚರ್ಚು.

"ಯಾರನ್ನ ಕೇಳಿ ಇದನ್ನ ಹಾಕ್ಸಿದಿ?" ಎಂದಳು, ತಮ್ಮ ಶಿವರಾಜ ಹತ್ತಿರ ಬಂದಾಗ.

"ಅಪ್ಪಗ ಚರ್ಚು ಅಂದ್ರ ಪ್ರಾಣ ಇತ್ತಲ್ಲ, ಅಕ್ಕಾ."

"ಯಾವ ಚರ್ಚು ಅಂತ ಗೊತ್ತದೇನು ನಿನಗ? ಏಳು ವರ್ಷ ನೋಡಿಕೊಂಡಾಕಿ ನಾನು. ಇಂಥಾದ್ದು ಕಂಡ್ರ ಮೈ ಉರೀತಿತ್ತು ಅವಗ."

ಶಿವರಾಜ ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಮಿಲ್ಪಿಟಾಸಿನ ಅವಳ ಮನೆಗೆ ತಿಂಗಳಿಗೊಮ್ಮೆ ಬಂದು, ಸೋಫಾದಲ್ಲಿ ಕೂತು ಚಹಾ ಕುಡಿದು ಹೋಗುತ್ತಿದ್ದವನು ಇವತ್ತು ಅಪ್ಪ ಯಾರೆಂದು ಊರಿಗೆಲ್ಲ ಹೇಳಲು ಹೊರಟಿದ್ದ. ಒಳಗೆ ಪೆಟ್ಟಿಗೆಯಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಪ್ಪ ಸುಮ್ಮನೆ ಮಲಗಿದ್ದ. ಬದುಕಿದ್ದಾಗ ಒಂದು ದಿನವೂ ಹಾಗೆ ಸುಮ್ಮನಿದ್ದವನಲ್ಲ.

*

ಬಸವಂತಪ್ಪ ಗದಗಿನ ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವನು. ಶಾಲೆಯ ಕೋಣೆ, ಬಸ್ ನಿಲ್ದಾಣ, ದವಾಖಾನೆಯ ಕಂಪೌಂಡು. ಹೆಂಡತಿ ತೀರಿದ ಮೇಲೆ ಅಮೆರಿಕಕ್ಕೆ, ಮಗಳ ಮನೆಗೆ ಬಂದ. ಬೇಸರ ಕಳೆಯಲು ಗೆಳೆಯ ಲತೀಫನ ಜೊತೆ ಬಸ್ಸು ಹತ್ತಿ ಲೈಬ್ರರಿಗೆ ಹೋದವನು ಯುರೋಪಿನ ಹಳೆಯ ಚರ್ಚುಗಳ ಒಂದು ದಪ್ಪ ಪುಸ್ತಕಕ್ಕೆ ಸಿಕ್ಕಿಬಿದ್ದ. ಅದರಲ್ಲಿನ ಒಂದು ಚರ್ಚನ್ನೂ ಕಣ್ಣಾರೆ ಕಂಡವನಲ್ಲ. ಆದರೂ ನೋಟ್‌ಬುಕ್ಕಿನ ಪ್ರತಿ ಹಾಳೆಗೂ ನಡುವೆ ಗೆರೆ ಎಳೆದು, ಎಡಕ್ಕೆ ರೋಮನೆಸ್ಕ್, ಬಲಕ್ಕೆ ಗಾಥಿಕ್ ಬರೆದು ಹೋಲಿಸುತ್ತ ಕೂರುತ್ತಿದ್ದ. ಎಡಕ್ಕೆ ಆನೆಯಂಥ ದಪ್ಪ ಗೋಡೆ, ದುಂಡು ಕಮಾನು, ಗೇಣಗಲದ ಕಿಟಕಿ. ಬಲಕ್ಕೆ ತೆಳ್ಳನೆಯ ಗೋಡೆ, ಅದರ ತುಂಬ ಬಣ್ಣದ ಗಾಜು. ಗೋಡೆ ಹೊರಕ್ಕೆ ವಾಲದಂತೆ ಹೊರಗಿನಿಂದ ಒತ್ತಿ ಹಿಡಿದ ಕಲ್ಲಿನ ಆಸರೆಗಳು.

"ಗ್ವಾಡಿ ತನ್ನ ಭಾರ ತಾನ ಹೊರಬೇಕು. ಹೊರಗ ಊರುಗೋಲು ಕೊಟ್ಟು ನಿಂದ್ರಸೋದು ಅದೇನು ಶ್ಯಾಣ್ಯಾತನ?" ಎಂದು ಬಲಭಾಗವನ್ನು ಬೈಯುತ್ತಿದ್ದ.

ಪ್ರತಿ ಚರ್ಚಿನ ಬಾಗಿಲಲ್ಲೂ ಉಗುರಿನಷ್ಟು ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದ. ಕಟ್ಟಡ ಎಷ್ಟು ಎತ್ತರವೆಂದು ನೋಡುವವರಿಗೆ ತಿಳಿಯಲಿ ಎಂದು ಇಲಾಖೆಯಲ್ಲಿ ಕಲಿತ ರೂಢಿ. ಧೋತರ, ಟೊಪ್ಪಿಗೆ, ಕೈಯಲ್ಲೊಂದು ಕೊಡೆ. ಅದು ಅವನೇ.

ಎರಡು ವರ್ಷದ ಹಿಂದೆ ಎಡಗಾಲು ಸ್ವಾಧೀನ ತಪ್ಪಿತು. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಇಡೀ ದಿನ ರೋಗಿಗಳನ್ನು ಎತ್ತಿ ಇಳಿಸಿ ಬಂದ ಉಮಾಶ್ರೀ, ಮನೆಯಲ್ಲಿ ಅಪ್ಪನ ಕಂಕುಳಿಗೆ ಹೆಗಲು ಕೊಟ್ಟು ಬಚ್ಚಲಿಗೆ ಒಯ್ಯುತ್ತಿದ್ದಳು. ಪ್ರತಿ ಸಲವೂ ಬೈಗುಳ. "ಬಿಡು, ನಾ ನಿಂದರ್ತೀನಿ."

ಒಂದು ದಿನ ಅವಳ ತಾಳ್ಮೆ ಮುಗಿಯಿತು. "ನಿಂತು ತೋರ್ಸು ಹಂಗಾದ್ರ" ಎಂದು ಬಿಟ್ಟೇಬಿಟ್ಟಳು. ಅಪ್ಪ ಮಂಚದ ಮೇಲೆ ಕುಸಿದ. ಪೆಟ್ಟೇನೂ ಆಗಲಿಲ್ಲ. ಆದರೆ ನಾಲ್ಕು ದಿನ ಮಾತಾಡಲಿಲ್ಲ. ಆಮೇಲೆ ನೋಟ್‌ಬುಕ್ಕೂ ಮನೆಯಲ್ಲಿ ಕಾಣಲಿಲ್ಲ. ತನ್ನಿಂದಲೇ ಬರೆಯುವುದು ನಿಂತಿತೆಂದು ಅವಳು ಒಳಗೊಳಗೇ ಬೇಯುತ್ತಿದ್ದಳು.

*

ಶಿವರಾಜ ಮೈಕು ಹಿಡಿದು ಮಾತಾಡುತ್ತಿದ್ದ. ಅಪ್ಪ ಕಡೆಗಾಲಕ್ಕೆ ಮನಸ್ಸು ಬದಲಿಸಿದ್ದ, ಗಾಥಿಕ್ಕೇ ದೊಡ್ಡದು ಅಂತ ಫೋನಿನಲ್ಲಿ ಹೇಳಿದ್ದ ಎಂದ.

"ಸುಳ್ಳು" ಎಂದು ಉಮಾಶ್ರೀ ಕೂತಲ್ಲಿಂದ ಎದ್ದಳು. ಮಂದಿಯೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡಳು.

ಲತೀಫ್ ಪಕ್ಕಕ್ಕೆ ಬಂದು ಅವಳನ್ನು ಕೂರಿಸಿ, ಕೋಟಿನೊಳಗಿಂದ ನೋಟ್‌ಬುಕ್ಕು ತೆಗೆದ. "ಅವ ಸುಳ್ಳು ಹೇಳಾಕತ್ತಿಲ್ಲ, ಉಮವ್ವಾ. ಇದು ನನ್ನ ಕಡೆ ಇತ್ತು. ನಿನಗ ತೋರಸಬ್ಯಾಡ ಅಂದಿದ್ದ ನಿಮ್ಮಪ್ಪ. ನಾಚಿಕಿ ಅವಗ."

ಅವಳ ಮೈಯೆಲ್ಲ ಉರಿಯಿತು. ತಮ್ಮನಿಗೆ ಹೇಳಿದ, ಗೆಳೆಯನಿಗೆ ತೋರಿಸಿದ, ಹೆಗಲು ಕೊಟ್ಟವಳಿಗೆ ಮಾತ್ರ ಒಂದು ಮಾತೂ ಇಲ್ಲ. ಹರಿದರೂ ಹರಿಯಲಿ ಎಂಬಂತೆ ಹಾಳೆ ಮಗುಚಿದಳು.

ಕೊನೆಯ ಹಾಳೆಯಲ್ಲಿ ನಡುವಿನ ಗೆರೆ ಇರಲಿಲ್ಲ. ಇಡೀ ಹಾಳೆಗೆ ಒಂದೇ ಗಾಥಿಕ್ ಚರ್ಚು, ಒಳಗಿನದೆಲ್ಲ ಕಾಣುವಂತೆ ಸೀಳಿ ಬರೆದದ್ದು. ಗೆರೆಗಳು ನಡುಗಿದ್ದವು. ಒಳಗೆ, ಎತ್ತರದ ಕಿಟಕಿಯಿಂದ ಬೆಳಕು ಬೀಳುವಲ್ಲಿ, ಧೋತರದ ಮನುಷ್ಯ ಕುರ್ಚಿಯಲ್ಲಿ ಕೂತಿದ್ದ. ಗೋಡೆಯ ಹೊರಗೆ, ಕಲ್ಲಿನ ಆಸರೆಯ ಬುಡದಲ್ಲಿ, ಆಸ್ಪತ್ರೆಯ ಉಡುಪಿನ ಒಬ್ಬ ಹೆಂಗಸು ಕಲ್ಲಿಗೆ ಹೆಗಲು ಕೊಟ್ಟು ನಿಂತಿದ್ದಳು.

"ನೋಡ್ರಿ ಕಾಕಾ, ತಾ ಒಳಗ ಆರಾಮ ಕುಂತಾನ" ಎಂದಳು, ಹಲ್ಲು ಕಚ್ಚಿ. "ನನ್ನ ಹೊರಗ ನಿಂದ್ರಿಸ್ಯಾನ."

"ಕೈಯಾಗ ಏನೈತಿ ನೋಡು."

ಉಮಾಶ್ರೀ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಕುರ್ಚಿಯ ಮನುಷ್ಯನ ಕೈ ಬರಿದಾಗಿತ್ತು. ಅವನ ಕೊಡೆ ಹೊರಗೆ, ಆ ಹೆಂಗಸಿನ ತಲೆಯ ಮೇಲೆ, ಬಿಚ್ಚಿಕೊಂಡಿತ್ತು.