ಎರಡು ಗಂಟೆಗೆ ಇಳಿಯುವ ವಿಮಾನ

"ಅಕ್ಕಾ, ಮರಿ ಹೋಗ್ತಿರೋ ಆ ಊರು ಎಷ್ಟು ದೂರ ಅಂತ ಯಾರನ್ನಾದ್ರೂ ಕೇಳಿದ್ಯಾ?" ಎಂದ ತಮ್ಮ, ವ್ಯಾನಿನ ಕೀಲಿಯನ್ನು ಮೊಳೆಗೆ ನೇತುಹಾಕುತ್ತ.

ಮೂರು ಸಾವಿರ ಕೋಳಿಮರಿಗಳನ್ನು ಬೆಳಗಿನ ಆರರ ವಿಮಾನಕ್ಕೆ ಹತ್ತಿಸಿ ಆಗಷ್ಟೇ ಬಂದಿದ್ದ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಆ ಕೇಂದ್ರದಲ್ಲಿ ಅವನು ಡ್ರೈವರ್, ಅಕ್ಕ ಮೇಲ್ವಿಚಾರಕಿ. ಯಾವ ಕಾವುಪೆಟ್ಟಿಗೆಯ ಮರಿ ಎಷ್ಟು ಹೊತ್ತಿಗೆ ಹೊರಬರುತ್ತದೆಂದು ನಿಮಿಷ ತಪ್ಪದೆ ಹೇಳುತ್ತಿದ್ದುದರಿಂದ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗಡಿಯಾರದಕ್ಕ ಎಂದು. ಆ ಹೆಸರನ್ನು ಬೇಡವೆನ್ನುವಷ್ಟು ವಿನಯ ಅವಳಲ್ಲಿರಲಿಲ್ಲ.

"ದೂರ ಕಟ್ಕೊಂಡು ನಂಗೇನಾಗ್ಬೇಕೋ? ಆರಕ್ಕೆ ಏರುತ್ತೆ, ಎರಡಕ್ಕೆ ಇಳಿಯುತ್ತೆ. ಎಂಟು ಗಂಟೆ."

"ಹದಿನಾಲ್ಕು ಸಾವಿರ ಕಿಲೋಮೀಟರಂತೆ. ಎಂಟು ಗಂಟೇಲಿ ಮುಟ್ಬೇಕಂದ್ರೆ ಗಂಟೆಗೆ ಸಾವಿರದೇಳುನೂರರ ಮೇಲೆ ಓಡ್ಬೇಕು. ವಿಮಾನ ಹೋಗೋದೇ ಎಂಟುನೂರು ಚಿಲ್ರೆ ಅಂದ ಸರಕು ಹತ್ತಿಸೋನು. ನೀನು ಕಳಿಸಿದ್ದು ವಿಮಾನದಲ್ಲೋ, ಬಾಣಬಿರುಸಲ್ಲೋ?"

ನಗಲು ಹೊರಟವಳು ನಗಲಿಲ್ಲ. ಮೇಜಿನ ಗಾಜಿನಡಿಯಿಂದ ವೇಳೆಯ ಹಾಳೆಯನ್ನು ಎಳೆದಳು. ಆರು. ಎರಡು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ: ಇಳಿಯುವ ವೇಳೆ ಇಳಿಯುವ ಊರಿನ ಗಡಿಯಾರದ್ದು. ಆ ಊರಿನ ಗಡಿಯಾರವೋ, ಇಲ್ಲಿಗಿಂತ ಎಂಟೂವರೆ ಗಂಟೆ ಹಿಂದೆ.

"ಎಂಟಲ್ಲ, ಹದಿನಾರೂವರೆ," ಎಂದಳು, ಯಾರಿಗೂ ಅಲ್ಲ.

ಮೊಟ್ಟೆಯೊಡೆದು ಬಂದ ಮರಿ ಮೂರು ದಿನ ಏನೂ ತಿನ್ನದೆ ಇರಬಲ್ಲದು. ಮೊಟ್ಟೆಯ ಹಳದಿಯೇ ಹೊಟ್ಟೆಯಲ್ಲಿ ಬುತ್ತಿ. ಎಪ್ಪತ್ತೆರಡು ಗಂಟೆಗೆ ಬುತ್ತಿ ಖಾಲಿ. ಹಿಂದಿನ ದಿನದ ವಿಮಾನ ರದ್ದಾಗಿ, ಹೊರಡುವಾಗಲೇ ಇವಕ್ಕೆ ಅರವತ್ತು ಗಂಟೆ ತುಂಬಿತ್ತು. ಹೊಸ ಮರಿ ಕಳಿಸೋಣವೆಂದು ಕೇಂದ್ರದ ಯಜಮಾನರು ಹೇಳಿಯೂ ಇದ್ದರು. ಇನ್ನೂ ನಾಲ್ಕು ಗಂಟೆ ಮಿಗುತ್ತದೆಂದು ಹಟ ಹಿಡಿದವಳು ಇವಳೇ. ದೂರದ ದಾರಿಗೆ ಮರಿಗಳ ಡಬ್ಬಿಗಳಲ್ಲಿ ನೀರಡಿಕೆಗೆಂದು ಸೌತೆಕಾಯಿ ಹೋಳು ಹಾಕುವುದು ರೂಢಿ. ಎಂಟು ಗಂಟೆಗೆ ಅದೇಕೆಂದು ಅದನ್ನೂ ಬೇಡವೆಂದಿದ್ದಳು.

"ಫೋನ್ ಮಾಡಿ ಎಲ್ಲಾದ್ರೂ ಇಳಿಸೋಕಾಗಲ್ವೇನೋ?"

"ಬಸ್ಸಾ ಅದು, ಸೀಟಿ ಊದಿ ನಿಲ್ಸೋಕೆ?" ಎಂದವನು ಅವಳ ಮುಖ ನೋಡಿ, ಜೇಬಿನಿಂದ ಮೊಬೈಲ್ ತೆಗೆದು, ವಿಮಾನ ಎಲ್ಲಿದೆಯೆಂದು ತೋರಿಸುವ ನಕ್ಷೆ ತೆರೆದು ಅವಳ ಮುಂದಿಟ್ಟ.

ಎರಡು ಗಂಟೆಗೆ ಯಜಮಾನರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದರು.

"ಏನಮ್ಮಾ, ಇಳೀತಾ? ಮರಿ ತಗೊಳ್ಳೋರು ಏನಂದ್ರು?"

"ಇನ್ನೂ ಸಮುದ್ರದ ಮೇಲಿದೆ, ಯಜಮಾನ್ರೇ."

"ಅಯ್ಯೋ, ಇವತ್ತೂ ತಡಾನಾ?"

"ತಡ ಏನಿಲ್ಲ. ಹೊತ್ತಿಗೆ ಸರಿಯಾಗೇ ಹೋಗ್ತಿದೆ." ಅವಳು ಎದ್ದು ನಿಂತಳು. "ನಾನೇ ತಪ್ಪು ಎಣಿಸ್ದೆ. ಅದು ಇಳಿಯೋದು ನಮ್ಮ ರಾತ್ರಿ ಹತ್ತೂವರೆಗೆ."

ಯಜಮಾನರು ಬೈಯಲಿಲ್ಲ. ಬೆರಳು ಮಡಚುತ್ತ ಅರವತ್ತಕ್ಕೆ ಹದಿನಾರೂವರೆ ಕೂಡಿಸಿದರು, ಮತ್ತೊಮ್ಮೆ ಕೂಡಿಸಿದರು. ಆಮೇಲೆ ಕನ್ನಡಕ ಏರಿಸಿ ಮೊಬೈಲಿನ ಮೇಲೆ ಬಾಗಿದರು. ಪರದೆ ತುಂಬ ನೀಲಿ, ನಡುವೆ ಅಕ್ಕಿಕಾಳಿನಷ್ಟು ವಿಮಾನ. ಮೂವರೂ ಅದನ್ನೇ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ ಅದು ಕೂದಲೆಳೆಯಷ್ಟು ಮುಂದೆ ಸರಿಯಿತು.